ಆಯಿ ಇಂಟರ್ನೆಟ್ಟಿಗೆ ಹೋದ ಕಥೆ

ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ನಮ್ಮ ಆಯಿ ಜನವಾಡ ಬಿಟ್ಟು ಬೀದರಿಗೆ ಹೋಗಬೇಕೆಂದರೂ ಎರಡು ದಿನ ಮೊದಲೇ ತಯಾರಿ ಶುರುಮಾಡುತ್ತಿದ್ದಳು. ಅಂಥವಳನ್ನು ನಾನು 2001ರಲ್ಲಿ ಒಂದೇ ಮಧ್ಯಾಹ್ನ ಇಡೀ ಜಗತ್ತಿಗೆ ಕಳಿಸಿಬಿಟ್ಟೆ. ಖರ್ಚು 30 ರೂಪಾಯಿ. ಸೈಬರ್ ಕೆಫೆಯಲ್ಲಿ ಒಂದು ಗಂಟೆ ಕೂತದ್ದಕ್ಕೆ ಕೊಟ್ಟ ಹಣ ಅದು.

ಆಗ ನಾನು ಬೀದರಿನಲ್ಲಿ ಡಿಗ್ರಿ ಓದುತ್ತಿದ್ದೆ. ದಿನಾ ಔರಾದ ಬಸ್ಸಿನಲ್ಲಿ ಓಡಾಟ. ನೋಟ್‌ಬುಕ್ಕಿನ ಹಿಂಬದಿಯಲ್ಲಿ ವ್ಯಂಗ್ಯಚಿತ್ರ ಬರೆಯುವುದು ಚಟ. ಪತ್ರಿಕೆಗಳಿಗೆ ಕಳಿಸಿದವೆಲ್ಲ, ನಾನೇ ಅಂಚೆಚೀಟಿ ಹಚ್ಚಿ ಇಟ್ಟ ಲಕೋಟೆಯಲ್ಲಿ ಶಿಸ್ತಾಗಿ ಮನೆಗೆ ಮರಳುತ್ತಿದ್ದವು. ತಪ್ಪು ನನ್ನದೇ. ಕೈ ಇನ್ನೂ ಹದಕ್ಕೆ ಬಂದಿರಲಿಲ್ಲ. ಆದರೆ ಇಪ್ಪತ್ತರ ವಯಸ್ಸಿಗೆ ಅದು ತಿಳಿಯುವುದಿಲ್ಲ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಮೊದಮೊದಲು ಬರೆದದ್ದು ರಾಶಿಯವರ ‘ಕೊರವಂಜಿ’ಗೆ ಎಂದು ಎಲ್ಲೋ ಓದಿದ್ದೆ. 1942ರಲ್ಲಿ ಹುಟ್ಟಿದ ಆ ಪತ್ರಿಕೆ 1967ರಲ್ಲೇ ನಿಂತಿತ್ತು. ನನ್ನ ಪಾಲಿಗೆ ಉಳಿದದ್ದು ಸೈಬರ್ ಕೆಫೆ.

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ನನ್ನ ಕೈಗೆ ಸಿಗಲು ಇನ್ನೂ ಆರು ವರ್ಷ ಹಿಡಿಯಿತು. ಹೆಸರು ನೋಂದಾಯಿಸಿದರೆ ಸಾಕು, ಪುಟ ಮಾಡಿಕೊಳ್ಳಲು ಪುಕ್ಕಟೆ ಜಾಗ ಕೊಡುವ ತಾಣಗಳು ಆಗ ಹಲವು ಇದ್ದವು. ಸಂಪಾದಕರಿಲ್ಲ, ಲಕೋಟೆ ಇಲ್ಲ, ಹಿಂದಿರುಗಿ ಬರುವ ಭಯವಿಲ್ಲ!

ಆದರೆ ಚಿತ್ರ ಕಂಪ್ಯೂಟರಿನೊಳಗೆ ಹೋಗುವುದು ಹೇಗೆ? ಬೀದರಿನಲ್ಲಿ ಮದುವೆ ಪತ್ರಿಕೆ ಮಾಡಿಕೊಡುವ ಡಿಟಿಪಿ ಅಂಗಡಿಯೊಂದರಲ್ಲಿ ಸ್ಕ್ಯಾನರ್ ಇತ್ತು. ಇಡೀ ಹಾಳೆಯನ್ನು ಬಣ್ಣದಲ್ಲಿ ಚೆಂದಾಗಿ ಸ್ಕ್ಯಾನ್ ಮಾಡಿದರೆ ಫೈಲು ಸುಮಾರು 25 ಎಂಬಿ ಆಯಿತು. ನನ್ನ ಕೈಯಲ್ಲಿದ್ದ ಫ್ಲಾಪಿಗೆ ಹಿಡಿಯುವುದು 1.44 ಎಂಬಿ. ತಾಣದವರು ಕೊಟ್ಟ ಜಾಗವೇ 15 ಎಂಬಿ. ಆನೆಯನ್ನು ತಂಬಿಗೆಯಲ್ಲಿ ತುಂಬುವ ಕೆಲಸ! ಅಂಗಡಿಯ ಹುಡುಗ ನಕ್ಕು, ಬಣ್ಣ ತೆಗೆದ, ಅಳತೆ ಕುಗ್ಗಿಸಿದ, ಜಿಫ್ ಮಾಡಿದ. 256ಕ್ಕಿಂತ ಹೆಚ್ಚು ಬಣ್ಣ ಹಿಡಿಯದ ಆ ಬಗೆಯ ಫೈಲು ಗೆರೆಚಿತ್ರಕ್ಕೆ ಹೇಳಿ ಮಾಡಿಸಿದಂತಿತ್ತು. 25 ಎಂಬಿ ಇದ್ದದ್ದು 30 ಕೆಬಿಗೆ ಇಳಿಯಿತು. ಮೋಡೆಮ್ಮು ಕಿರುಗುಟ್ಟಿ ಟೆಲಿಫೋನ್ ತಂತಿ ಹಿಡಿದುಕೊಳ್ಳುತ್ತಿದ್ದ ಕಾಲ. ಆ ಚಿತ್ರವೂ ಮೇಲಿನಿಂದ ಕೆಳಕ್ಕೆ, ಪರದೆ ಇಳಿಸಿದ ಹಾಗೆ, ನಿಧಾನವಾಗಿ ಮೂಡುತ್ತಿತ್ತು.

ಕನ್ನಡದವರಿಗೆ ಇನ್ನೊಂದು ಕಷ್ಟವಿತ್ತು. 1998ರಲ್ಲೇ ‘ಬರಹ’ ಬಂದಿತ್ತು, ಆಮೇಲೆ ‘ನುಡಿ’ ಬಂತು. ಆದರೆ ನಾನು ಟೈಪು ಮಾಡಿದ ಕನ್ನಡ ಓದಬೇಕಾದರೆ ಓದುವವರ ಕಂಪ್ಯೂಟರಿನಲ್ಲೂ ಅದೇ ಫಾಂಟು ಇರಬೇಕು. ಇಲ್ಲದಿದ್ದರೆ ಕಾಣುವುದು ಬರೀ ಅಡ್ಡತಿಡ್ಡ ಗುರುತುಗಳು. ವ್ಯಂಗ್ಯಚಿತ್ರಕ್ಕೆ ಈ ತೊಂದರೆ ಇರಲಿಲ್ಲ. ಮಾತನ್ನೂ ಕೈಯಲ್ಲೇ ಬರೆದರೆ ಅಕ್ಷರವೂ ಚಿತ್ರವೇ. ನಮ್ಮ ಆಯಿಯಂಥವಳಿಗೆ ಅದೇ ಸರಿ. ಬೀದರ ಅಂದರೆ ಕನ್ನಡ, ಉರ್ದು, ಮರಾಠಿ, ತೆಲುಗು ಒಂದೇ ಅಂಗಳದಲ್ಲಿ ಕೂಡುವ ಜಾಗ. ಆಯಿಯ ಒಂದು ಬೈಗುಳದಲ್ಲಿ ನಾಲ್ಕೂ ಇರುತ್ತಿದ್ದವು. ಅದಕ್ಕೆ ಯಾವ ಫಾಂಟು?

ಹೀಗೆ ಆಯಿಯೇ ನನ್ನ ವ್ಯಂಗ್ಯಚಿತ್ರದ ನಾಯಕಿಯಾದಳು. ಒಂದು ಚಿತ್ರದಲ್ಲಿ ಬಸ್ಸು ತುಂಬಿ ತುಳುಕುತ್ತಿದೆ. ಕಂಡಕ್ಟರ್ ಕೂಗುತ್ತಾನೆ: “ಮುಂದ ಸರಿ ಆಯಿ, ಮುಂದ ಸರಿ.” ಆಯಿ ಹೇಳುತ್ತಾಳೆ: “ಇನ್ನಾ ಮುಂದ ಸರದ್ರ ನಡ್ಕೋತೇ ಜನವಾಡ ಮುಟ್ತೀನಿ. ಮತ್ತ ಟಿಕೀಟ್ ಯಾಕ ತಗೋಲಿ?” ಇನ್ನೊಂದರಲ್ಲಿ, ಹೋಗಿದ್ದ ಕರೆಂಟು ಬಂದಾಗ ಬಲ್ಬಿನ ಕಡೆ ನೋಡಿ ಬೀಗರನ್ನು ಕರೆದ ಹಾಗೆ ಕರೆಯುತ್ತಾಳೆ: “ಬಾರಪ್ಪಾ, ಈಟು ಚಾ ಕುಡದರೆ ಹೋಗು.”

ಒಂದೂವರೆ ವರ್ಷದಲ್ಲಿ 23 ಚಿತ್ರ ಹಾಕಿದೆ. ಪುಟದ ಕೆಳಗೆ ಎಷ್ಟು ಜನ ಬಂದರೆಂದು ಎಣಿಸುವ ಒಂದು ಕೌಂಟರ್ ಇತ್ತು. ಅದು ಬಹಳ ದಿನ 41ರಲ್ಲೇ ನಿಂತಿತ್ತು. ಅದರಲ್ಲಿ ನಲವತ್ತು ನಾನೇ ಇರಬೇಕು! ಒಂದು ದಿನ ಮಾತ್ರ, ಭಾಲ್ಕಿ ಕಡೆಯವರಂತೆ, ಅಮೆರಿಕದಲ್ಲಿದ್ದವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದರು: ನಮ್ಮ ಆಯಿ ನೆನಪಾದಳು, ಮುಂದಿನ ಚಿತ್ರ ಯಾವಾಗ? ಅವತ್ತು ಬಸ್ಸಿನಲ್ಲಿ ನಿಂತೇ ಬಂದರೂ ಕಾಲು ನೋಯಲಿಲ್ಲ.

ಮನೆಗೆ ಬಂದವನೇ ಆಯಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದು ನಿಲ್ಲಿಸಿ ಕೇಳಿದ್ದು ಒಂದೇ ಮಾತು.

“ಪರದೇಶದ ಮಂದಿ ನನ್ನ ಮಾರಿ ನೋಡ್ಲತ್ತಾರ? ತಲಿ ಮ್ಯಾಲ ಸೆರಗ ಹೊಚ್ಚಿದಿ ಇಲ್ಲೋ ತಮ್ಮಾ?”

ಹೊಚ್ಚಿರಲಿಲ್ಲ. ಅವಳ ಬೆಳ್ಳನೆಯ ತುರುಬು ಬರೆಯಲು ಚೆಂದವೆಂದು ಎಲ್ಲ ಚಿತ್ರದಲ್ಲೂ ಬರಿತಲೆ ಬರೆದಿದ್ದೆ. ಹೊರಗಿನವರ ಮುಂದೆ ಅವಳು ಎಂದೂ ಸೆರಗಿಲ್ಲದೆ ನಿಂತವಳಲ್ಲ. ನಾನು ಜಗತ್ತಿನ ಮುಂದೆ ಹಾಗೇ ನಿಲ್ಲಿಸಿದ್ದೆ, ಅವಳನ್ನು ಒಂದು ಮಾತೂ ಕೇಳದೆ. ಆಯಿ ಬೈಯಲಿಲ್ಲ. ಮರುದಿನ ಸಂಚಿಯಿಂದ ನೂರು ರೂಪಾಯಿ ತೆಗೆದು, “ಹೋಗಿ ಹೊಚ್ಚಿ ಬಾ” ಅಂದಳು. ಮೂರು ಗಂಟೆ ಕೂತು, ಪೇಂಟ್ ಪ್ರೋಗ್ರಾಮಿನಲ್ಲಿ ಚುಕ್ಕೆಚುಕ್ಕೆಯಾಗಿ, ಇಪ್ಪತ್ತಮೂರೂ ತಲೆಗೆ ಸೆರಗು ಹೊಚ್ಚಿದೆ. ಉಳಿದ ಹತ್ತು ರೂಪಾಯಿ ವಾಪಸು ಕೊಟ್ಟೆ.

ಆಯಿ 2004ರಲ್ಲಿ ತೀರಿಕೊಂಡಳು. ನಾನು ನೌಕರಿಗೆಂದು ಬೆಂಗಳೂರು ಸೇರಿದೆ. ಮನೆ ಖಾಲಿ ಮಾಡುವಾಗ ಮೂಲ ಚಿತ್ರಗಳ ಕಟ್ಟನ್ನು ರದ್ದಿಗೆ ಹಾಕಿದೆ. ಇಂಟರ್ನೆಟ್ಟಿನಲ್ಲಿ ಇದೆಯಲ್ಲ, ಅಲ್ಲಿಗೆ ಗೆದ್ದಲು ಹತ್ತುವುದಿಲ್ಲ ಎಂಬ ಧೈರ್ಯ.

ಆ ಕಾಲದ ದೊಡ್ಡ ಪುಕ್ಕಟೆ ತಾಣ ಜಿಯೋಸಿಟೀಸ್. 1994ರಲ್ಲಿ ಶುರುವಾಗಿ, 1999ರಲ್ಲಿ ಯಾಹೂ ಕೈಸೇರಿ, 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಆ ಸುದ್ದಿ ಓದಿದಾಗಲೇ ನನ್ನ ಪುಟ ನೆನಪಾದದ್ದು. ನನ್ನದು ಅದರ ಮುಂದೆ ಬಹಳ ಚಿಕ್ಕ ತಾಣ. ಯಾವಾಗಲೋ ಬಾಗಿಲು ಹಾಕಿಕೊಂಡಿತ್ತು. ಮುಚ್ಚುತ್ತೇವೆಂದು ತಿಳಿಸಿದ್ದರೂ ತಿಳಿಸಿರಬಹುದು, ನಾನೇ ಆ ಇಮೇಲಿನ ಪಾಸ್‌ವರ್ಡ್ ಮರೆತು ವರ್ಷಗಳಾಗಿದ್ದವು. ಆಯಿಯದೆಂದು ಮನೆಯಲ್ಲಿ ಉಳಿದದ್ದು ಮತದಾರರ ಚೀಟಿಯ ಮಸುಕು ಫೋಟೋ ಒಂದೇ.

ಹಳೆಯ ಜಾಲಪುಟಗಳನ್ನು 1996ರಿಂದ ಕೂಡಿಡುತ್ತ ಬಂದಿರುವ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ ಇದೆ. ಹೋದ ವರ್ಷ ಅಲ್ಲಿ ಹುಡುಕಿದೆ. ನನ್ನ ಪುಟ ಸಿಕ್ಕಿತು, ಚಿತ್ರಗಳು ಸಿಗಲಿಲ್ಲ. 23 ಖಾಲಿ ಚೌಕಗಳು. ಪ್ರತಿಯೊಂದರ ಜಾಗದಲ್ಲಿ ನಾನು ಇಟ್ಟ ಫೈಲಿನ ಹೆಸರು ಮಾತ್ರ: ಆಯಿ-ಬಸ್, ಆಯಿ-ಕರೆಂಟ್, ಆಯಿ-ಭಜ್ಜಿ, ಆಯಿ-ನದಿ.

ಆ ಹೆಸರುಗಳನ್ನು ಹಿಡಿದು ಅವ್ವ, ತಂಗಿ, ನಾನು ಮತ್ತೆ ಕೂತೆವು. ಆಯಿ-ಭಜ್ಜಿ ಅಂದರೆ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಊಟ ಬಡಿಸುವ ಚಿತ್ರ ಎಂದು ತಂಗಿಗೆ ನೆನಪಾಯಿತು. ಕರೆಂಟಿನ ಚಿತ್ರ ಬರೆದು ತೋರಿಸಿದರೆ ಅವ್ವ ತಲೆ ಅಲ್ಲಾಡಿಸಿದಳು. “ಬಾರಪ್ಪಾ ಅಂತ ಎಲ್ಲಿ ಅಂತಿದ್ಲು? ಬಾರೋ ಖೋಡಿ ಅಂತಿದ್ಲು.” ಆಗ ಇಪ್ಪತ್ತರ ನಾನು, ಓದುವವರು ಏನಂದುಕೊಳ್ಳುತ್ತಾರೋ ಎಂದು ಆಯಿಯ ಮಾತನ್ನೇ ತಿದ್ದಿದ್ದೆ! ಈಗ ಖೋಡಿ ಅಂತಲೇ ಬರೆದಿದ್ದೇನೆ.

ಇಂದು ವ್ಯಂಗ್ಯಚಿತ್ರವನ್ನು ನೇರವಾಗಿ ಓದುಗರಿಗೆ ಮುಟ್ಟಿಸುವುದು ಸಲೀಸು. ಕುಂದಾಪುರದ ಸತೀಶ್ ಆಚಾರ್ಯರಂಥವರ ಚಿತ್ರ ಬರೆದ ದಿನವೇ ನಮ್ಮ ಫೋನಿಗೆ ಬರುತ್ತದೆ. ಮಕ್ಕಳೇ, ನೀವೂ ಹಾಕಿ. ಆದರೆ ಯಾರನ್ನು ಬರೆದಿದ್ದೀರೋ ಅವರನ್ನು ಒಂದು ಮಾತು ಕೇಳಿ, ಬರೆದ ಕಾಗದವನ್ನು ಟ್ರಂಕಿನಲ್ಲಿಡಿ.

ಇಲ್ಲಿಯವರೆಗೆ ಹದಿನಾಲ್ಕು ಚಿತ್ರ ಮರಳಿ ಬಂದಿವೆ, ಎಲ್ಲದರಲ್ಲೂ ಸೆರಗಿದೆ. ಒಂಬತ್ತು ಬರೀ ಹೆಸರಾಗಿ ಉಳಿದಿವೆ. ಆಯಿ-ನದಿಯಲ್ಲಿ ಅವಳು ಮಾಂಜ್ರಾ ಹೊಳೆಯ ಹತ್ತಿರ ಏನು ಹೇಳಿದ್ದಳೋ, ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಆಯಿಯ ಗೆಳತಿಯೊಬ್ಬರು ಜನವಾಡದಲ್ಲಿ ಇನ್ನೂ ಇದ್ದಾರೆ. ಕಿವಿ ಮಂದ, ನೆನಪು ಗಟ್ಟಿ. ಈ ಎಳ್ಳ ಅಮಾವಾಸ್ಯೆಗೆ ಊರಿಗೆ ಹೋದಾಗ ಅವರನ್ನು ಕೇಳಬೇಕು. ಪೆನ್ಸಿಲ್ಲು, ಕಾಗದ ಎರಡನ್ನೂ ಒಯ್ಯುತ್ತಿದ್ದೇನೆ.