ನೀಲಿ ಹೊಗೆ

ಬಿಕ್ಕೋಡಿನ ನಮ್ಮ ಪಿಕಪ್ 3 ಲಕ್ಷ ಕಿಲೋಮೀಟರ್ ದಾಟಿದೆ. ಕಾಫಿ ಮೂಟೆ, ಶುಂಠಿ, ಗೊಬ್ಬರ, ಒಮ್ಮೆ ನನ್ನ ಹಾಸ್ಟೆಲ್ ಟ್ರಂಕು, ಎಲ್ಲ ಹೊತ್ತಿದೆ. ಈಗ ಏರು ಬಂದರೆ ನೀಲಿ ಹೊಗೆ. ಮಾರೋಣ ಅಂದರು ಅಪ್ಪ. ನಾನು ಬೆಂಗಳೂರಿಂದ ಎರಡು ಡಬ್ಬಿ ತಂದೆ, ಒಂದು ಆಯಿಲ್‌ಗೆ, ಇನ್ನೊಂದು ಡೀಸೆಲ್‌ಗೆ. (ರಿವ್ಯೂಗಳಲ್ಲಿ ಎಲ್ಲರ ಇಂಜಿನ್ನೂ ಹೊಸದಾಗಿತ್ತು!) ಬೇಲೂರಿನ ಮೆಕ್ಯಾನಿಕ್ ನಕ್ಕರು. "ಡೀಸೆಲ್‌ದು ಇಂಜೆಕ್ಟರ್ ತೊಳೆಯುತ್ತೆ, ಹಾಕಿ. ಇದು ಆಯಿಲ್ ಮಂದ ಮಾಡುತ್ತೆ ಅಷ್ಟೇ. ಸವೆದ ರಿಂಗ್ ಮತ್ತೆ ಬೆಳೆಯಲ್ಲ ಸಾರ್."

ಆದರೂ ಹಾಕಿದೆ. ಹೊಗೆ ನಿಜಕ್ಕೂ ಕಮ್ಮಿಯಾಯ್ತು. ಅದೇ ವಾರ ಗಿರಾಕಿ ಬಂದ. ನಾನು ಸುಮ್ಮನಿದ್ದೆ. ಅಪ್ಪ ಬಾನೆಟ್ ಎತ್ತಿ, "ಔಷಧಿ ಹಾಕಿದೀವಿ, ಹೊಗೆ ವಾಪಸ್ ಬರುತ್ತೆ ಕಣಪ್ಪ" ಅಂದುಬಿಟ್ಟರು. ಅವನು ಕಾಫಿ ಕುಡಿದು ಹೋದ. ಕೊಯ್ಲು ಮಾರಿದ ಮೇಲೆ ಇಂಜಿನ್ ಬಿಚ್ಚಿಸೋದು ಅಂತಾಗಿದೆ.