ಯಾರ ಆಳು?

ನಮ್ಮ ಚಿಂತಾಮಣಿ ಸೀಮೆಯಲ್ಲಿ ಕೇರಿಯವನೊಬ್ಬ ದಾರಿಯಲ್ಲಿ ಎದುರಾದರೆ ಹೆಸರು ಕೇಳುವ ಪದ್ಧತಿ ಇರಲಿಲ್ಲ. ‘ಯಾರ ಆಳೋ ನೀನು?’ ಅಂತಲೇ ಕೇಳುತ್ತಿದ್ದರು. ಅಪ್ಪನ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತಿತ್ತು: ‘ಇಂಥ ಗೌಡರ ಆಳು ಸ್ವಾಮಿ.’ ಅಷ್ಟು ಹೇಳಿದರೆ ಎಲ್ಲ ಹೇಳಿದಂತೆ. ಯಾರ ಸಾಲ, ಯಾರ ಕೊಟ್ಟಿಗೆ, ಯಾರ ಮನೆಯ ಹಳಸಿದ ಮುದ್ದೆ, ಎಲ್ಲ ಅದರಲ್ಲೇ ಬಂತು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಆಯಿತು. ಸಾಲ ತೀರಿತು ಅಂತ ಕಾಗದ ಹೇಳಿತು. ಅಪ್ಪ ಗೌಡರ ಕೊಟ್ಟಿಗೆ ಬಿಟ್ಟು ಈಚೆ ಬರೋಕೆ ಮತ್ತೆ ಎರಡು ವರ್ಷ ಹಿಡಿಯಿತು.

ಜೀತವನ್ನು ನೆನೆದು ನಿಟ್ಟುಸಿರು ಬಿಡುವವನು ನಾನಲ್ಲ. ಆದರೆ ಒಂದು ಮಾತು ಹೇಳಬೇಕು. ಅಪ್ಪನಿಗೆ ತನ್ನನ್ನು ಹಿಂಡುವವನ ಮುಖ ಗೊತ್ತಿತ್ತು. ಯಾರ ಬಾಗಿಲಲ್ಲಿ ನಿಂತು ಕೂಗಬೇಕು ಅಂತ ಗೊತ್ತಿತ್ತು. ಕೂಗುವ ಧೈರ್ಯ ಇರಲಿಲ್ಲ, ಅದು ಬೇರೆ. ಇವತ್ತು ನಮ್ಮ ಹುಡುಗರಿಗೆ ಧೈರ್ಯ ಇದೆ, ಓದೂ ಇದೆ. ಯಾರ ಬಾಗಿಲು ಅನ್ನೋದೇ ತಿಳಿಯದು.

ಬೆಳಗಿನ ಜಾವ ಎದ್ದು ನೋಡಿ. ಗೌರಿಬಿದನೂರಿನಿಂದ ರೈಲು ಹತ್ತಿ ದೊಡ್ಡಬಳ್ಳಾಪುರ, ಯಲಹಂಕದ ಕಡೆ ಹೋಗುವವರು. ಚಿಕ್ಕಬಳ್ಳಾಪುರದಿಂದ 44ನೇ ಹೆದ್ದಾರಿ ಹಿಡಿದು ದೇವನಹಳ್ಳಿ ಕಡೆ ಹೋಗುವವರು. ಚಿಂತಾಮಣಿ, ಶಿಡ್ಲಘಟ್ಟದಿಂದ ಹೊಸಕೋಟೆಯ ಗೋಡೌನುಗಳಿಗೆ, ನರಸಾಪುರದ ಕಾರ್ಖಾನೆಗಳಿಗೆ ಹೋಗುವವರು. ಕತ್ತಿನಲ್ಲಿ ಕಾರ್ಡು, ಬೆನ್ನಿಗೆ ಬ್ಯಾಗು, ಬ್ಯಾಗಿನಲ್ಲಿ ಚಿತ್ರಾನ್ನದ ಡಬ್ಬಿ. ಯಾವ ಕಂಪನಿ ಅಂತ ಕೇಳಿ, ತಟ್ಟನೆ ಹೇಳುತ್ತಾರೆ. ಸಂಬಳ ಕೊಡೋದು ಯಾರು ಅಂತ ಕೇಳಿ. ‘ಅದು ಏಜೆನ್ಸಿ ಸಾರ್’ ಅನ್ನುತ್ತಾರೆ.

ನನ್ನ ಅಕ್ಕನ ಮಗನ ಕತೆ ಇದು. ಐ.ಟಿ.ಐ. ಓದಿದವನು. 2017ರ ಜುಲೈನಲ್ಲಿ ಒಂದು ವಿದೇಶಿ ಕಂಪನಿಯ ಗೋಡೌನು ಸೇರಿದ. ಆ ಕಂಪನಿ ಏನನ್ನೂ ತಯಾರಿಸುವುದಿಲ್ಲ. ಬೇರಿಂಗು, ಬೋಲ್ಟು, ಬೆಲ್ಟು, ಡ್ರಿಲ್ ಬಿಟ್ಟು, ಕೈಗವಸು, ಹೀಗೆ ಕಾರ್ಖಾನೆಗಳಿಗೆ ಬೇಕಾದ ಸಾವಿರಾರು ಬಗೆಯ ಸಾಮಾನು ತರಿಸಿ, ಜೋಡಿಸಿಟ್ಟು, ಕೇಳಿದ ಕಾರ್ಖಾನೆಗೆ ಕೇಳಿದ ಹೊತ್ತಿಗೆ ಕಳಿಸುವುದೇ ಅದರ ವ್ಯಾಪಾರ. ಹುಡುಗ ಮೊದಲು ಚೀಟಿ ನೋಡಿಕೊಂಡು ಸಾಮಾನು ಎತ್ತುತ್ತಿದ್ದ. ಯಾವ ಕಪಾಟಿನಲ್ಲಿ ಯಾವ ಅಳತೆಯ ಬೇರಿಂಗಿದೆ ಅನ್ನೋದು ಅವನಿಗೆ ಬಾಯಿಪಾಠ. ಆಮೇಲೆ ಕೈಗೆ ಸ್ಕ್ಯಾನರ್ ಬಂತು. ಯಾವ ಸಾಲಿಗೆ ಹೋಗಬೇಕು, ಎಷ್ಟು ಹೊತ್ತಿನಲ್ಲಿ ಎತ್ತಬೇಕು ಅಂತ ಅದೇ ಹೇಳತೊಡಗಿತು. ತಡವಾದರೆ ಅದರಲ್ಲೇ ದಾಖಲಾಗುತ್ತಿತ್ತು. ಅವನ ತಲೆಯಲ್ಲಿದ್ದ ಲೆಕ್ಕವೆಲ್ಲ ಯಂತ್ರದೊಳಕ್ಕೆ ಹೋಯಿತು. ಹೋದ ಮೇಲೆ ಹಳಬ, ಹೊಸಬ ಇಬ್ಬರೂ ಒಂದೇ ಬೆಲೆ.

2021ರ ನವೆಂಬರಿನಲ್ಲಿ ಒಂದು ದಿನ ಎಲ್ಲರನ್ನೂ ಕರೆದು ‘ಆಪರೇಷನ್ ಬದಲಾಗ್ತಿದೆ, ಹೊಸ ವೆಂಡರ್ ಬರ್ತಾರೆ, ಯಾರೂ ಹೆದರಬೇಡಿ’ ಅಂದರು. ಹಳೆ ಏಜೆನ್ಸಿಗೆ ರಾಜೀನಾಮೆ ಬರೆಸಿಕೊಂಡರು. ಹೊಸ ಏಜೆನ್ಸಿಯ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಅರವತ್ತು ಜನರಲ್ಲಿ ನಲವತ್ತೇ ಜನರಿಗೆ ಹೊಸ ಕಾರ್ಡು ಸಿಕ್ಕಿತು. ಇವನಿಗೆ ಸಿಕ್ಕಿತು. ಅದೇ ಗೇಟು, ಅದೇ ಕಪಾಟು, ಅದೇ ಸೂಪರ್‌ವೈಸರು. ಕಾರ್ಡಿನಲ್ಲಿ ಮಾತ್ರ ಕೆಲಸಕ್ಕೆ ಸೇರಿದ ತಾರೀಕು ಹೊಸದು.

‘ಮಾಮ, ನಾಲ್ಕು ವರ್ಷ ನಾಲ್ಕು ತಿಂಗಳು ದುಡಿದೀನಿ. ಅದು ಎಲ್ಲಿಗೆ ಹೋಯ್ತು?’ ಅಂತ ಕೇಳಿದ.

ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆ ಐದು ವರ್ಷದ ಸತತ ಸೇವೆ ಕೇಳುತ್ತಿತ್ತು. ತಾರೀಕು ತಿದ್ದಿದರೆ ಸೇವೆ ಮತ್ತೆ ಒಂದರಿಂದ ಶುರು. ಕಂಪನಿಯನ್ನು ಕೇಳಿದರೆ ‘ನೀನು ನಮ್ಮವನಲ್ಲ, ಏಜೆನ್ಸಿಯವನು’. ಹಳೆ ಏಜೆನ್ಸಿಯನ್ನು ಕೇಳಿದರೆ ‘ನೀನೇ ರಾಜೀನಾಮೆ ಕೊಟ್ಟಿದ್ದೀಯ’. ಹೊಸ ಏಜೆನ್ಸಿಯನ್ನು ಕೇಳಿದರೆ ‘ನೀನು ನಿನ್ನೆ ಬಂದವನು’. ಮನೆಯಲ್ಲಿ ನಾವಾಡೋದು ತೆಲುಗು, ಶಾಲೆಯಲ್ಲಿ ಕಲಿತದ್ದು ಕನ್ನಡ, ಸಹಿ ಹಾಕಿಸಿಕೊಂಡ ಕಾಗದ ಇಂಗ್ಲಿಷು.

ನಡುವೆ ನಿಂತು ಆಳು ಒಪ್ಪಿಸುವ ಈ ಮನುಷ್ಯ ನಮಗೆ ಹೊಸಬನೇನಲ್ಲ. ಮೇಸ್ತ್ರಿ ಅಂತ ಕರೆಯುತ್ತಿದ್ದೆವು, ಈಗ ವೆಂಡರ್ ಅನ್ನುತ್ತಾರೆ. ಶಿಡ್ಲಘಟ್ಟದ ರೇಷ್ಮೆಯಲ್ಲಿ ಇದರ ಇನ್ನೊಂದು ಮುಖ ಕಂಡಿದ್ದೇವೆ. ಅಲ್ಲಿ ಮುಂಗಡವೇ ಸರಪಳಿ. ಗೂಡು ಬೇಯಿಸುವ ಬಿಸಿನೀರಲ್ಲಿ ಕೈ ಅದ್ದಿ ನೂಲು ಎಳೆಯುವ ಕೆಲಸ, ಬೆರಳ ಸಂದಿಯೆಲ್ಲ ಹುಣ್ಣು. ಕರ್ನಾಟಕದ ರೇಷ್ಮೆಯಲ್ಲಿ ಮುಂಗಡಕ್ಕೆ ಸಿಕ್ಕಿ ದುಡಿಯುವ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವರದಿ ಮಾಡಿ ಜಗತ್ತಿಗೆಲ್ಲ ಹೇಳಿತು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದರು. ಚೀನಾದ ನೂಲು ಅಗ್ಗವಾಯಿತು, ಇಲ್ಲಿ ಗೂಡಿನ ಬೆಲೆ ಕುಸಿಯಿತು. ಬೆಳೆಗಾರ ಬೀದಿಗೆ ಬಂದು ಕೂಗಿದ, ಅವನ ಕೂಗಿಗೆ ನ್ಯಾಯ ಇತ್ತು. 2013ರಲ್ಲಿ ಸುಂಕ 15ಕ್ಕೆ ಏರಿತು. ಒಲೆ ಆರಿದ ದಿನಗಳಲ್ಲಿ ಮುಂಗಡದ ಸಾಲ ಹೊತ್ತು ಕೂಲಿಯಿಲ್ಲದೆ ಕೂತ ಹೆಂಗಸಿನ ಲೆಕ್ಕ ಯಾವ ಬಜೆಟ್ಟಿನಲ್ಲೂ ಇರಲಿಲ್ಲ.

ಕಾನೂನು ಏನು ಮಾಡಿತು? 1970ರಲ್ಲಿ ಒಂದು ಕಾಯ್ದೆ ಬಂತು. ಹೆಸರು ಗುತ್ತಿಗೆ ಕಾರ್ಮಿಕ ನಿಯಂತ್ರಣ ಮತ್ತು ರದ್ದತಿ ಕಾಯ್ದೆ. ಸರ್ಕಾರ ಒಂದು ಕೆಲಸದಲ್ಲಿ ಗುತ್ತಿಗೆ ನಿಷೇಧಿಸಿದರೆ ಅಲ್ಲಿದ್ದವರೆಲ್ಲ ಮೂಲ ಮಾಲೀಕನ ನೌಕರರೇ ಆಗುತ್ತಾರೆ ಅಂತ ಏರ್ ಇಂಡಿಯಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ಐದೇ ವರ್ಷ. 2001ರ ಆಗಸ್ಟ್ 30ರಂದು ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಅದೇ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ತಾನಾಗಿಯೇ ಯಾರೂ ಖಾಯಂ ಆಗುವುದಿಲ್ಲ ಅಂದಿತು. ಅಲ್ಲಿಂದ ಈಚೆಗೆ ಗುತ್ತಿಗೆಗೆ ರೆಕ್ಕೆ ಬಂತು.

ಇದರ ಫಲ ನಮ್ಮ ಪಕ್ಕದಲ್ಲೇ ಸಿಡಿಯಿತು. ಕೋಲಾರದ ನರಸಾಪುರದಲ್ಲಿ ಐಫೋನು ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಾರ್ಖಾನೆ. ಹನ್ನೆರಡು ಗಂಟೆ ಪಾಳಿ. ಕೆಲಸದವರಲ್ಲಿ ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದವರು. 2020ರ ಡಿಸೆಂಬರ್ 12ರ ಬೆಳಗ್ಗೆ, ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ, ಸಂಬಳದ ಸಿಟ್ಟು ಗಾಜು ಒಡೆಯಿತು. ನೂರಕ್ಕೂ ಹೆಚ್ಚು ಮಂದಿಯನ್ನು ಪೊಲೀಸರು ಹಿಡಿದರು. ಮೊದಲು 437 ಕೋಟಿ ನಷ್ಟ ಅಂತ ದೂರಾಯಿತು. ಆಮೇಲೆ ಕಂಪನಿಯೇ ತೈವಾನಿನ ಷೇರುಪೇಟೆಗೆ ಕೊಟ್ಟ ಲೆಕ್ಕ ನಮ್ಮ ರೂಪಾಯಿಯಲ್ಲಿ 26ರಿಂದ 52 ಕೋಟಿ. ಒಂದು ವಾರದ ಮೇಲೆ ಕೆಲವರಿಗೆ ಸಂಬಳ ಸರಿಯಾಗಿ, ಸರಿಯಾದ ಹೊತ್ತಿಗೆ ಹೋಗಿರಲಿಲ್ಲ ಅಂತ ವಿಸ್ಟ್ರಾನ್ ಒಪ್ಪಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷನನ್ನು ತೆಗೆಯಿತು. 2023ರ ಅಕ್ಟೋಬರಿನಲ್ಲಿ ಆ ಕಾರ್ಖಾನೆಯನ್ನು ಹನ್ನೆರಡೂವರೆ ಕೋಟಿ ಡಾಲರಿಗೆ ಟಾಟಾದವರಿಗೆ ಮಾರುವ ನಿರ್ಧಾರವಾಯಿತು. ಬೋರ್ಡು ಬದಲಾಯಿತು. ಗಾಜು ಒಡೆದದ್ದನ್ನು ನಾನು ಮೆಚ್ಚುವುದಿಲ್ಲ. ಆದರೆ ದೂರು ಕೇಳುವ ಬಾಗಿಲು ಯಾವುದು ಅಂತ ತಿಳಿಯದವನ ಕೈಗೆ ಮೊದಲು ಸಿಗುವುದು ಕಿಟಕಿಯೇ.

ಹಾಗಂತ ಕಾರ್ಖಾನೆ ಬೇಡ, ಊರಿಗೇ ವಾಪಸ್ ಬನ್ನಿ ಅಂತ ನಮ್ಮ ಮಕ್ಕಳಿಗೆ ಹೇಳುವ ಬಾಯಿ ನನಗಿಲ್ಲ. ಯಾವ ಊರಿಗೆ? 2000ದ ಮಾರ್ಚ್ 11ರಂದು ಇದೇ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಕಂಪನಿ ಬಸ್ಸಿನ ಸೀಟಿನಲ್ಲಿ ನಮ್ಮ ಹುಡುಗಿ ಯಾರ ಪಕ್ಕದಲ್ಲಾದರೂ ಕೂರುತ್ತಾಳೆ. ಅದು ಸಣ್ಣದಲ್ಲ.

ಆದರೆ ಗೇಟಿನೊಳಗೂ ಜಾತಿ ಚಪ್ಪಲಿ ಬಿಟ್ಟು ಬರುವುದಿಲ್ಲ. ಮುಂಬಯಿಯ ಗಿರಣಿಗಳಲ್ಲಿ ನೇಯುವ ವಿಭಾಗಕ್ಕೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಹರಿದ ನೂಲನ್ನು ಬಾಯಲ್ಲಿ ಎಂಜಲು ಮಾಡಿ ಜೋಡಿಸಬೇಕಿತ್ತು, ಅದಕ್ಕೆ. ಹೆಚ್ಚು ಕೂಲಿ ಸಿಗುತ್ತಿದ್ದದ್ದು ಅಲ್ಲೇ. ಕಾರ್ಮಿಕ ಸಂಘಗಳು ಸುಮ್ಮನಿದ್ದಾಗ ಅಂಬೇಡ್ಕರ್ ಇದನ್ನೆತ್ತಿ ಕೇಳಿದರು. 1938ರ ಫೆಬ್ರವರಿಯಲ್ಲಿ ಮನ್ಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಮುಂದೆ, ಬ್ರಾಹ್ಮಣ್ಯ ಮತ್ತು ಬಂಡವಾಳಶಾಹಿ ಎರಡೂ ನಿಮ್ಮ ಶತ್ರುಗಳು ಅಂತ ಹೇಳಿದರು. ನನ್ನ ಅಕ್ಕನ ಮಗನ ಗೋಡೌನಿನಲ್ಲಿ ಕಕ್ಕಸು ತೊಳೆಯುವುದಕ್ಕೆ ಬೇರೆ ಏಜೆನ್ಸಿ. ಅದರಲ್ಲಿದ್ದ ಒಂಬತ್ತು ಜನರೂ ಕೇರಿಗಳವರೇ. ಯಾವ ಅರ್ಜಿಯಲ್ಲೂ ಜಾತಿಯ ಕಾಲಂ ಇರಲಿಲ್ಲವಂತೆ!

ಅದೇ ಅಂಬೇಡ್ಕರ್ 1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಕಾರ್ಖಾನೆಯ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿದದ್ದು 1946ರ ತಿದ್ದುಪಡಿಯಲ್ಲಿ. 2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಸಭೆ ದಿನಕ್ಕೆ 12 ಗಂಟೆ ದುಡಿಸಲು ಬಾಗಿಲು ತೆರೆಯುವ ಮಸೂದೆ ಒಪ್ಪಿತು. ವಾರಕ್ಕೆ 48 ಹಾಗೇ ಉಳಿಯಿತು, ಓವರ್‌ಟೈಮಿನ ಮಿತಿ ಮೂರು ತಿಂಗಳಿಗೆ 75 ಗಂಟೆ ಇದ್ದದ್ದು ಇನ್ನೂ ಮೇಲೇರಿತು. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಗಳು ನಾಲ್ಕು ಸಂಹಿತೆಗಳೊಳಗೆ ಸೇರಿದವು. ಅವಧಿ ಗೊತ್ತುಮಾಡಿ ನೇರವಾಗಿ ನೇಮಿಸಿಕೊಂಡವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಅಂತ ಇದೆ, ಒಳ್ಳೆಯದೇ. ಆದರೆ ಗುತ್ತಿಗೆ ಕಾರ್ಮಿಕರ ನಿಯಮಗಳು ಮೊದಲು 20 ಜನರಿದ್ದರೆ ಅನ್ವಯಿಸುತ್ತಿದ್ದವು, ಈಗ 50 ಜನರಿರಬೇಕು. ನಲವತ್ತೊಂಬತ್ತರ ಲೆಕ್ಕ ಇಡುವುದನ್ನು ಯಾವ ಮೇಸ್ತ್ರಿಗೂ ಹೇಳಿಕೊಡಬೇಕಾಗಿಲ್ಲ.

ಒಂದು ಹಿಡಿ ಮಾತ್ರ ಉಳಿದಿದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಅನ್ನುವ ಮಾತು 1970ರ ಕಾಯ್ದೆಯಲ್ಲಿತ್ತು, ಹೊಸ ಸಂಹಿತೆಯಲ್ಲೂ ಇದೆ. ನರಸಾಪುರದ ಹುಡುಗರಲ್ಲಿ ಎಷ್ಟು ಜನರಿಗೆ ಇದನ್ನು ಯಾರಾದರೂ ಓದಿ ಹೇಳಿದ್ದರು?

ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯರೇ, ಸಂಘಟನೆಯ ಸಂಗಾತಿಗಳೇ, ದೊಡ್ಡ ಭಾಷಣ ಆಮೇಲೆ ಇಟ್ಟುಕೊಳ್ಳೋಣ. ಈ ಭಾನುವಾರ ನಿಮ್ಮ ಕೇರಿಯಲ್ಲಿ ಒಂದು ನೋಟ್‌ಬುಕ್ಕು ತೆರೆಯಿರಿ. ಬಸ್ಸು ಹತ್ತುವ ಪ್ರತಿ ಹುಡುಗ, ಹುಡುಗಿಯ ಮುಂದೆ ಐದು ಸಂಗತಿ ಬರೆದಿಡಿ: ಕಂಪನಿಯ ಹೆಸರು, ಏಜೆನ್ಸಿಯ ಹೆಸರು, ಮೊದಲು ಗೇಟು ದಾಟಿದ ತಾರೀಕು, ಕೈಗೆ ಬಂದ ಸಂಬಳ, ಪಿ.ಎಫ್. ನಂಬರು. ಹಳೆ ಕಾರ್ಡು, ಹಳೆ ಚೀಟಿ ಯಾವುದನ್ನೂ ಎಸೆಯಬೇಡಿ ಅನ್ನಿ. ರಾಜೀನಾಮೆ ಕಾಗದ ಕೈಗೆ ಬಂದರೆ ಸಹಿ ಹಾಕುವ ಮುಂಚೆ ಕೇರಿಗೆ ತರಲಿ, ನಾಲ್ಕು ಜನ ಕೂತು ಓದೋಣ. ನಮ್ಮೂರಿನ ನೋಟ್‌ಬುಕ್ಕಿನಲ್ಲಿ ಈಗ ಮೂವತ್ತೊಂದು ಹೆಸರಿವೆ. ಅವರಲ್ಲಿ ಹನ್ನೊಂದು ಜನರಿಗೆ ತಮ್ಮ ಏಜೆನ್ಸಿಯ ಹೆಸರೇ ಗೊತ್ತಿರಲಿಲ್ಲ. ಈಗ ಗೊತ್ತಿದೆ.