ಕಡ್ಲಿ ಹೊಲಕ್ಕೆ ಇಳಿಯುವ ಹೆಬ್ಬಾತು

ಹಾವೇರಿ ಜಿಲ್ಲೆಯ ನಮ್ಮ ಗೊಟಗೋಡಿಯಿಂದ ಪೂರ್ವಕ್ಕೆ, ಲಕ್ಷ್ಮೇಶ್ವರದ ಕಡೆ ಹೋದಂತೆಲ್ಲ ನೆಲ ಕಪ್ಪಾಗುತ್ತ ಹೋಗುತ್ತದೆ. ಅದು ಎರೆಭೂಮಿ, ಹಿಂಗಾರಿಯ ಸೀಮೆ. ಲಕ್ಷ್ಮೇಶ್ವರ ದಾಟಿ ಗದಗಿನ ಹಾದಿ ಹಿಡಿದರೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಸಿಗುತ್ತದೆ. ನನ್ನ ಸೋದರತ್ತೆಯನ್ನು ಕೊಟ್ಟದ್ದು ಆ ಕಡೆಯ ಒಂದು ಊರಿಗೆ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ದೀಪಾವಳಿ ಮುಗಿದ ಮೇಲೆ ನಾನು ಅಲ್ಲಿಗೆ ಹೋಗುತ್ತಿದ್ದೆ. ಕಡ್ಲಿ ಕಾಯುವುದಕ್ಕೆ ಒಂದು ಹೆಚ್ಚಿನ ಆಳು ಬೇಕಾಗುತ್ತಿತ್ತು.

ಕಾಯಬೇಕಾದದ್ದು ಹೆಬ್ಬಾತುಗಳಿಂದ. ಬೂದು ಮೈ, ಬಿಳಿ ತಲೆ, ಆ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಹಗಲೆಲ್ಲ ಕೆರೆಯ ನೀರಿನಲ್ಲಿ, ದಂಡೆಯಲ್ಲಿ ಸುಮ್ಮನೆ ಕೂತಿರುತ್ತಿದ್ದವು. ಹೊತ್ತು ಮುಳುಗಿತೆಂದರೆ ಸಾಲುಗಟ್ಟಿ ಹೊಲಗಳ ಕಡೆ ಹೊರಡುತ್ತಿದ್ದವು. ಬೆಳದಿಂಗಳಿದ್ದರೆ ರಾತ್ರಿಯಿಡೀ ಮೇಯುತ್ತಿದ್ದವು. ಎಳೆ ಕಡ್ಲಿ ಅಂದರೆ ಅವಕ್ಕೆ ಬಹಳ ಇಷ್ಟ. ಶೇಂಗಾ ಕಿತ್ತ ಹೊಲದಲ್ಲಿ ಉಳಿದ ಕಾಯಿಯನ್ನೂ ಬಿಡುತ್ತಿರಲಿಲ್ಲ. ಮಾವ ಎಣ್ಣೆಯ ಖಾಲಿ ಡಬ್ಬಿ ಬಡಿಯುತ್ತಿದ್ದರು, ನಾನು ಕವಣೆ ಬೀಸುತ್ತಿದ್ದೆ. ಹಿಂಡು ಎದ್ದು ಪಕ್ಕದವರ ಹೊಲಕ್ಕೆ ಇಳಿಯುತ್ತಿತ್ತು. ಅಲ್ಲಿ ಅವರ ಡಬ್ಬಿ ಶುರುವಾಗುತ್ತಿತ್ತು. ಬಲೆ ಒಡ್ಡಿ ಹಿಡಿದು ತಿನ್ನುವವರೂ ಇದ್ದರು, ಅದನ್ನು ಯಾರೂ ದೊಡ್ಡ ತಪ್ಪೆಂದು ಎಣಿಸುತ್ತಿರಲಿಲ್ಲ. ಹಕ್ಕಿಯನ್ನು ಪೂಜೆ ಮಾಡುತ್ತಿದ್ದ ಕಾಲ ಅದಾಗಿರಲಿಲ್ಲ. ಹಾಗೆ ಬರೆದರೆ ಸುಳ್ಳಾಗುತ್ತದೆ.

‘ಎಲ್ಲಿಂದ ಬರ್ತಾವು ಇವು?’ ಎಂದು ಕೇಳಿದರೆ ಮಾವ, ‘ಯಾವ ದೇಶದ್ದೋ ಏನೋ ತಮ್ಮಾ. ದೀಪಾವಳಿ ಆದಮ್ಯಾಲ ಬರ್ತಾವು, ಶಿವರಾತ್ರಿ ಮುಂದ ಹೊಕ್ಕಾವು’ ಅನ್ನುತ್ತಿದ್ದರು. ವರ್ಷದ ಅರ್ಧವನ್ನು ಅವರು ಬೆರಳ ತುದಿಯಲ್ಲಿ ಬಲ್ಲವರಾಗಿದ್ದರು. ಉಳಿದರ್ಧ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆ ಉಳಿದರ್ಧ ತಿಳಿದದ್ದು ಒಂದು ಸಾವಿನ ಸುದ್ದಿಯಿಂದ. 2005ರ ಮೇ ತಿಂಗಳಲ್ಲಿ ಚೀನಾದ ಚಿಂಗ್ಹಾಯ್ ಸರೋವರದಲ್ಲಿ ಸಾವಿರಾರು ಕಾಡುಹಕ್ಕಿಗಳು ಹಕ್ಕಿಜ್ವರದಿಂದ ಸತ್ತವು. ಸತ್ತವುಗಳಲ್ಲಿ ಈ ಪಟ್ಟೆತಲೆ ಹೆಬ್ಬಾತುಗಳೇ ಬಹಳ. ಈ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಒಮ್ಮೆಲೇ ಜಗತ್ತಿನ ಪ್ರಶ್ನೆಯಾಯಿತು. ಮುಂದಿನ ವರ್ಷಗಳಲ್ಲಿ ಒಡಿಶಾದ ಚಿಲಿಕಾ, ತಮಿಳುನಾಡಿನ ಕೂಂತನಕುಳಂ, ಮಂಗೋಲಿಯಾದ ತೆರ್ಖಿನ್ ತ್ಸಗಾನ್ ಸರೋವರಗಳಲ್ಲಿ ಹೆಬ್ಬಾತುಗಳನ್ನು ಹಿಡಿದು, ಬೆನ್ನಿಗೆ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿ ಬಿಟ್ಟರು. ಮಂಗೋಲಿಯಾದಲ್ಲಿ ಹಿಡಿಯುವುದಕ್ಕೆ ಜುಲೈ ತಿಂಗಳೇ ಆಗಬೇಕು. ಆಗ ಅವು ರೆಕ್ಕೆಯ ದೊಡ್ಡ ಗರಿಗಳನ್ನೆಲ್ಲ ಉದುರಿಸಿಕೊಂಡು ಕೆಲವು ವಾರ ಹಾರಲಾರದೆ ನೀರಿನಲ್ಲೇ ಇರುತ್ತವೆ. ನಮ್ಮ ಡಬ್ಬಿಯ ಸದ್ದಿಗೆ ಅಷ್ಟು ಸಲೀಸಾಗಿ ಏಳುತ್ತಿದ್ದ ಹಕ್ಕಿಗೆ ವರ್ಷದಲ್ಲಿ ಹೀಗೊಂದು ಅಸಹಾಯಕ ಕಾಲ ಇದೆ ಎಂದು ಓದಿದ ದಿನ ನಾನು ಬಹಳ ಹೊತ್ತು ಅದನ್ನೇ ಯೋಚಿಸಿದೆ.

ಎವರೆಸ್ಟಿನ ಮೇಲೆ ಹಾರುವ ಹಕ್ಕಿ ಎಂದು ಇದನ್ನು ಈಗಲೂ ಹಲವರು ಹೇಳುತ್ತಾರೆ. ಉಪಕರಣಗಳು ಹೇಳಿದ್ದು ಬೇರೆ. ಅತಿ ಎತ್ತರದ ದಾಖಲೆ 7,290 ಮೀಟರ್. ಸಾಮಾನ್ಯವಾಗಿ ಅವು 6,000 ಮೀಟರಿನ ಕೆಳಗೇ, ಕಣಿವೆ, ಘಾಟಿಗಳನ್ನು ಹಿಡಿದು ಹಿಮಾಲಯ ದಾಟುತ್ತವೆ. ಮಂಗೋಲಿಯಾದ ಹಕ್ಕಿಗಳ ಮೈಯೊಳಗೆ ಪುಟ್ಟ ಯಂತ್ರವಿಟ್ಟು ಎದೆಬಡಿತ, ರೆಕ್ಕೆಬಡಿತ ಅಳೆದ ಚಾರ್ಲ್ಸ್ ಬಿಷಪ್ ಮತ್ತು ಸಂಗಡಿಗರ ಅಧ್ಯಯನ 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಒಮ್ಮೆ ಮೇಲೇರಿ ಅಲ್ಲೇ ಹಾರುವುದಿಲ್ಲ ಇವು; ಬೆಟ್ಟ ಏರಿದರೆ ಏರುತ್ತವೆ, ನೆಲ ಇಳಿದರೆ ಇಳಿಯುತ್ತವೆ, ಮತ್ತೆ ಏರುತ್ತವೆ. ತೆಳು ಗಾಳಿಯಲ್ಲಿ ರೆಕ್ಕೆಬಡಿತ ಶೇಕಡಾ 5ರಷ್ಟು ಹೆಚ್ಚಿಸಿದರೆ ಖರ್ಚಾಗುವ ಶಕ್ತಿ ಸುಮಾರು ಶೇಕಡಾ 41 ಏರುತ್ತದೆ ಎಂಬುದು ಅವರ ಲೆಕ್ಕ. ಅದಕ್ಕೇ ಗಾಳಿ ದಟ್ಟವಾಗಿರುವ ಕೆಳಗೆ ಇಳಿಯುವುದು ಲಾಭ, ಮತ್ತೆ ಏರುವ ಕಷ್ಟ ಇದ್ದರೂ. ಗಾಳಿ ತಣ್ಣಗೆ ದಟ್ಟವಾಗಿರುವ ರಾತ್ರಿ, ಬೆಳಗಿನ ಜಾವವನ್ನೇ ಅವು ಹೆಚ್ಚಾಗಿ ಆರಿಸಿಕೊಳ್ಳುತ್ತವೆ. ಇವುಗಳ ರಕ್ತದ ಹಿಮೋಗ್ಲೋಬಿನ್ ಕೂಡ ಬಯಲಿನ ಬಾತುಗಳದಕ್ಕಿಂತ ಗಟ್ಟಿಯಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ.

ಇಷ್ಟು ದೂರದ ಹಾರಾಟಕ್ಕೆ ಬೇಕಾದ ಕೊಬ್ಬು ಎಲ್ಲಿಂದ ಬರಬೇಕು? ಶಿವರಾತ್ರಿಯ ಮುಂಚೆ ಮೇಯುವ ಹೊಲಗಳಿಂದಲೂ ಬರಬೇಕು. ಮಾವನ ಕಡ್ಲಿಯ ಒಂದಿಷ್ಟು ಪಾಲು ಹಿಮಾಲಯ ದಾಟಿದೆ, ಮಂಗೋಲಿಯಾದ ದಂಡೆಯಲ್ಲಿ ಮೊಟ್ಟೆಯಾಗಿದೆ. ಅದಕ್ಕೆ ಅವರಿಗೆ ಯಾರೂ ಒಂದು ಪೈಸೆ ಕೊಡಲಿಲ್ಲ. ಕೇಳಬಹುದೆಂದು ಅವರಿಗೆ ತೋಚಲೂ ಇಲ್ಲ.

ಈಗ ಮಾಗಡಿ ಕೆರೆಗೆ ಹೆಸರಿದೆ. ಮಳೆನೀರು ಹಿಡಿದು ನೀರಾವರಿಗೆಂದು ಕಟ್ಟಿದ, ಐವತ್ತು ಹೆಕ್ಟೇರಿಗೆ ಹತ್ತಿರದ ಆ ಕೆರೆ ಸಂರಕ್ಷಣಾ ಮೀಸಲು ಪ್ರದೇಶವಾಗಿದೆ. 2024ರ ಜನವರಿ ಕೊನೆಗೆ ಅಂಕಸಮುದ್ರ, ಅಘನಾಶಿನಿಗಳ ಜೊತೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು, ಅದರಲ್ಲಿ 130 ವಲಸೆ ಬರುವಂಥವು, ಚಳಿಗಾಲಕ್ಕೆ ಸುಮಾರು 8,000 ಪಟ್ಟೆತಲೆ ಹೆಬ್ಬಾತು ಎಂದು ಆಗಿನ ಸರ್ಕಾರಿ ಪ್ರಕಟಣೆ ಹೇಳಿತು. ಕ್ಯಾಮೆರಾ ಹೊತ್ತವರು ಬರುತ್ತಾರೆ. ಮಂಗೋಲಿಯಾದಲ್ಲಿ ಕೊರಳಿಗೆ ಹಸಿರು ಪಟ್ಟಿ ಹಾಕಿಸಿಕೊಂಡ ಹೆಬ್ಬಾತುಗಳು ಮೈಸೂರು ಸೀಮೆಯ ಹದಿನಾರು ಕೆರೆಯಲ್ಲಿ ಕಂಡಿವೆ. ಪಟ್ಟಿಯ ಮೇಲಿನ ಅಕ್ಷರ ಓದಿದರೆ ಹಕ್ಕಿಯ ಊರು ತಿಳಿಯುತ್ತದೆ. ಬಲೆ ಒಡ್ಡುವವರ ಮೇಲೆ ಕಣ್ಣಿದೆ. ಇದೆಲ್ಲ ಒಳ್ಳೆಯದೇ ಆಗಿದೆ. ಹಿಂದಿನ ಕಾಲವೇ ಚೆನ್ನಾಗಿತ್ತು ಎನ್ನುವವರ ಜೊತೆ ನಾನಿಲ್ಲ.

ಆದರೆ ಕಾವಲು ಬಿದ್ದದ್ದು ಹಕ್ಕಿ ಹಗಲು ಕೂರುವ ನೀರಿಗೆ. ಅದು ರಾತ್ರಿ ಉಣ್ಣುವ ನೆಲ ಯಾವ ಗಡಿಯೊಳಗೂ ಇಲ್ಲ. ಮಾವ ತೀರಿಕೊಂಡ ಮೇಲೆ ಹೊಲ ನೋಡಿಕೊಳ್ಳುವ ಅವರ ಮಗ ಬೋರ್‌ವೆಲ್ ಹಾಕಿಸಿ ಅರ್ಧ ಭೂಮಿಗೆ ಗೊಂಜಾಳ ತಂದಿದ್ದಾನೆ. ಅವನ ಲೆಕ್ಕ ಸರಿಯಾಗಿಯೇ ಇದೆ, ಮನೆ ನಡೆಯಬೇಕು. ಮಳೆ ಕೈಕೊಟ್ಟ ವರ್ಷ ಕೆರೆ ಬತ್ತುತ್ತದೆ, ಹಕ್ಕಿ ಕಡಿಮೆಯಾಗುತ್ತದೆ. ಆಗ ಎಲ್ಲರೂ ನೀರಿನ ಮಾತಾಡುತ್ತಾರೆ, ಮೇವಿನ ಮಾತು ಬರುವುದಿಲ್ಲ. ನೀರು ಕೂಡಿಟ್ಟ ಮಾತ್ರಕ್ಕೆ ಹೆಬ್ಬಾತು ನಿಲ್ಲುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ನಮ್ಮದೇ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆಂದು 119 ಚದರ ಕಿಲೋಮೀಟರ್ ಅಭಯಾರಣ್ಯ ಘೋಷಿಸಿದರು. ಆ ಬಯಲಲ್ಲಿ ನೀಲಗಿರಿ ಬೆಳೆಯಿತು, ಬಯಲನ್ನೇ ನಂಬಿದ ಎರೆಲಡ್ಡು ಹಕ್ಕಿ ಹೋಯಿತು. ಗಡಿ ಹಾಕಿದ್ದೇ ಸಾಲುವುದಿಲ್ಲ, ಗಡಿಯೊಳಗೆ ಏನು ಬೆಳೆದಿದೆ ಎಂಬುದನ್ನೂ ನೋಡಬೇಕು.

ಉತ್ತರದ ಸಂಶೋಧಕರು ಹಿಮಗಟ್ಟುವ ಸರೋವರಗಳ ದಂಡೆಯಲ್ಲಿ ವರ್ಷಗಟ್ಟಲೆ ದುಡಿದು ತಮ್ಮ ಪಾಲಿನ ಅರ್ಧ ತಿಳಿಸಿದ್ದಾರೆ. ನಮ್ಮ ಪಾಲಿನ ಅರ್ಧ ಇನ್ನೂ ಕಾವಲು ಕಾದವರ ತಲೆಯಲ್ಲೇ ಇದೆ. ಮೊನ್ನೆ ಅತ್ತೆಯನ್ನು ಕೇಳಿದೆ. ‘ಬಿಳಿಜ್ವಾಳ ಎದಿಮಟ ನಿಂತ ಹೊಲಕ್ಕ ಅವು ಇಳೀತಿದ್ದಿಲ್ಲಪ್ಪಾ. ಸುತ್ತ ಕಾಣಬೇಕು ಅವಕ್ಕ, ಇಲ್ಲಂದ್ರ ಅಂಜ್ತಾವು. ಅದಕ್ಕ ನಿಮ್ಮ ಮಾವ ದಂಡಿಗೆ ಜ್ವಾಳ ಹಾಕಿ ನಡುವ ಕಡ್ಲಿ ಹಾಕ್ತಿದ್ದರು’ ಎಂದಳು. ಆಳೆತ್ತರದ ಗೊಂಜಾಳ ಹಬ್ಬಿದ ಸೀಮೆಯಲ್ಲಿ ಹೆಬ್ಬಾತಿಗೆ ಇಳಿಯಲು ಎಷ್ಟು ನೆಲ ಉಳಿದಿದೆ ಎಂದು ಅಳೆಯುವ ಕೆಲಸ ಈ ಮಾತಿನಿಂದಲೇ ಶುರುವಾಗಬಹುದು.

ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಹಾಡು, ಕತೆ, ಕಸುಬುಗಳನ್ನು ದಾಖಲಿಸುವಂತೆಯೇ ಯಾವ ವರ್ಷ ಹಕ್ಕಿ ಬೇಗ ಬಂತು, ಯಾವ ಬೆಳೆಗೆ ಇಳಿಯಿತು, ಎಷ್ಟು ಹೊಲ ಹಾಳಾಯಿತು ಎಂಬುದನ್ನೂ ಮಾಗಡಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹಳ್ಳಿಗಳಲ್ಲಿ ಕೂತು ಬರೆದುಕೊಳ್ಳಬೇಕು. ಹಕ್ಕಿ ಎಣಿಸುವವರು ಕೆರೆ ದಂಡೆ ಬಿಟ್ಟು ರಾತ್ರಿ ಹೊಲಕ್ಕೂ ಬರಬೇಕು. ಹಾನಿಯ ಲೆಕ್ಕ ಆದ ಮೇಲೆ ರೈತನಿಗೆ ಪರಿಹಾರವೂ ಮುಟ್ಟಬೇಕು. ಡಬ್ಬಿ ಬಡಿದವರಲ್ಲಿ ಬಹಳ ಜನ ಈಗ ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಬರುವ ಹಿಂಗಾರಿಗೇ ಈ ಕೆಲಸ ಹಿಡಿಯುವುದು ಒಳ್ಳೆಯದು.